ಅಗ್ಗದ ವಿಮಾನದಲ್ಲಿ ಕಾಶೀಯಾತ್ರೆ

ನಮ್ಮ ನಾಡಿನಲ್ಲಿ ಕಾಶಿಗೆ ಹೊರಡುವುದೆಂದರೆ ಒಂದು ಕಾಲದಲ್ಲಿ ಇಹದ ಲೆಕ್ಕವನ್ನು ಮುಗಿಸಿ ಹೊರಡುವುದೆಂದೇ ಅರ್ಥವಾಗಿತ್ತು. ಯಾತ್ರೆಗೆ ಹೊರಟ ಹಿರಿಯರು ಸಾಲವಿದ್ದರೆ ತೀರಿಸಿ, ಮನೆಯ ಬೀಗದ ಕೈಯನ್ನು ಮಕ್ಕಳಿಗೆ ಒಪ್ಪಿಸಿ, ನಂಟರಿಷ್ಟರ ಅಪ್ಪಣೆಯನ್ನು ಪಡೆದು ಹೊಸ್ತಿಲನ್ನು ದಾಟುತ್ತಿದ್ದರು. ಕಾಲುನಡಿಗೆಯಲ್ಲಿಯೂ ಗಾಡಿಯಲ್ಲಿಯೂ ತಿಂಗಳುಗಟ್ಟಲೆ ಸಾಗಬೇಕಾಗಿದ್ದ ಆ ದಾರಿಯಿಂದ ಮರಳಿ ಬಂದವರನ್ನು ಊರಿನವರು ಎದುರುಗೊಂಡು ಗೌರವಿಸುತ್ತಿದ್ದರು. ಮದುವೆಯ ಮನೆಯಲ್ಲಿ ಕೊಡೆ ಹಿಡಿದು, ಪಾದರಕ್ಷೆ ಮೆಟ್ಟಿ ಕಾಶೀಯಾತ್ರೆಗೆ ಹೊರಟ ವರನನ್ನು ಹೆಣ್ಣಿನ ಕಡೆಯವರು ನಾಲ್ಕು ಹೆಜ್ಜೆಯಲ್ಲಿಯೇ ತಡೆದು ಕರೆತರುವ ಸಂಪ್ರದಾಯವು ಇಂದಿಗೂ ಉಳಿದಿರುವುದಷ್ಟೆ. ರೈಲು ಬಂದ ಮೇಲೆ ಆ ತಿಂಗಳುಗಳು ದಿನಗಳಾದುವು. ಬೆಂಗಳೂರಿನಲ್ಲಿ ಸಂಘಮಿತ್ರಾ ಎಕ್ಸ್‌ಪ್ರೆಸ್ಸನ್ನು ಹತ್ತಿದವರು ಎರಡು ರಾತ್ರಿಗಳನ್ನು ಗಾಡಿಯಲ್ಲಿ ಕಳೆದು, 2018ರವರೆಗೆ ಮೊಗಲ್‌ಸರಾಯಿ ಎಂಬ ಹೆಸರಿದ್ದ ದೀನದಯಾಳ್ ಉಪಾಧ್ಯಾಯ ಜಂಕ್ಷನ್ನಿನಲ್ಲಿ ಇಳಿದರೆ ಅಲ್ಲಿಂದ ಕಾಶಿಯು ಸಮೀಪವೇ. ವಿಮಾನದಲ್ಲಿಯಾದರೋ ದೇವನಹಳ್ಳಿಯಿಂದ ಕಾಶಿಯ ಬಳಿಯ ಬಾಬತ್‌ಪುರಕ್ಕೆ ಸುಮಾರು ಎರಡೂವರೆ ಗಂಟೆಯ ದಾರಿ.

ಹೀಗೆ ದಾರಿಯು ಹ್ರಸ್ವವಾಯಿತು. ಆದರೆ ಖರ್ಚಿನ ಲೆಕ್ಕವು ಗಹನವಾಯಿತು. ರೈಲಿನ ಟಿಕೆಟ್ಟಿಗೆ ಇಂತಿಷ್ಟೆಂಬ ದರವು ಬಹುಮಟ್ಟಿಗೆ ಗೊತ್ತಿರುತ್ತದೆ. ವಿಮಾನದ ಟಿಕೆಟ್ಟಿನ ದರವಾದರೋ ಬೆಳಿಗ್ಗೆ ಒಂದು, ಸಂಜೆಗೆ ಇನ್ನೊಂದು. ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ಒಂದೇ ಪ್ರಯಾಣಕ್ಕೆ ಕೊಟ್ಟಿರುವ ಹಣದಲ್ಲಿ ದುಪ್ಪಟ್ಟಿನ ಅಂತರವಿರುವುದೂ ಉಂಟು. ಇದರ ನಡುವೆ ವರ್ಷದಲ್ಲಿ ಕೆಲವು ಬಾರಿ ವಿಮಾನ ಸಂಸ್ಥೆಗಳು ಮೂರು ನಾಲ್ಕು ದಿನಗಳ ಮಟ್ಟಿಗೆ ರಿಯಾಯಿತಿಯ ಮಾರಾಟವನ್ನು ಸಾರುತ್ತವೆ. ಆಗ ಪತ್ರಿಕೆಯ ಮುಖಪುಟದಲ್ಲಿ ದೊಡ್ಡ ಅಂಕಿಗಳನ್ನು ಕಂಡು ಆಸೆಪಟ್ಟು, ಗಡುವು ಮುಗಿದ ಮೇಲೆ ಬರಿಗೈಯಲ್ಲಿ ಉಳಿಯುವ ಗೃಹಸ್ಥರು ಬಹುಮಂದಿ. 2024ನೆಯ ಇಸವಿಯಲ್ಲಿ ಇಂಥದೊಂದು ಮಾರಾಟದಲ್ಲಿ ಟಿಕೆಟ್ಟು ಕೊಂಡು ನಾವು ಮಾಡಿದ ಕಾಶೀಯಾತ್ರೆಯ ಸಂಗತಿಯನ್ನೂ, ಆ ನಿಮಿತ್ತವಾಗಿ ತಿಳಿದುಕೊಂಡ ವಿಷಯಗಳನ್ನೂ ವಾಚಕರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಯಾತ್ರೆಯ ಮೂಲಕಾರಣರು ನಮ್ಮ ಅಕ್ಕನವರು. ಅವರಿಗೆ ಆಗ ಎಪ್ಪತ್ತನಾಲ್ಕು ವಯಸ್ಸು. ಭಾವನವರು ಕಾಲವಾದಂದಿನಿಂದ ತಮಗೆ ಬರುವ ಅಲ್ಪ ಪಿಂಚಣಿಯಲ್ಲಿ ತಿಂಗಳಿಗಿಷ್ಟೆಂದು ತೆಗೆದಿರಿಸಿ, ಒಂದು ಹಿತ್ತಾಳೆಯ ಡಬ್ಬಿಯಲ್ಲಿ ಕಾಶಿಗೆಂದು ಹಣವನ್ನು ಕೂಡಿಟ್ಟಿದ್ದರು. ಎಣಿಸಿದಾಗ ಅದು 15,000 ರೂಪಾಯಿಯಾಗಿತ್ತು. ಮಂಡಿಯ ನೋವಿನಿಂದ ರೈಲಿನ ಎರಡು ರಾತ್ರಿಗಳ ಪ್ರಯಾಣವು ಅವರಿಗೆ ಸಾಧ್ಯವಿರಲಿಲ್ಲ. ವಿಮಾನದ ಖರ್ಚನ್ನು ನಾವು ವಹಿಸುತ್ತೇವೆಂದರೆ ಅವರು ಒಪ್ಪಲಿಲ್ಲ. “ತೀರ್ಥಕ್ಕೆ ಹೋಗುವುದು ಅವರವರ ದುಡ್ಡಿನಲ್ಲಿಯೇ ಆಗಬೇಕು ಕಣಪ್ಪ. ನೀನು ಜೊತೆಗೆ ಬಾ, ಅಷ್ಟು ಸಾಕು” ಎಂದುಬಿಟ್ಟರು. ಸಾಧಾರಣ ದಿನಗಳಲ್ಲಿ ಹೋಗಿಬರುವ ಎರಡು ಟಿಕೆಟ್ಟುಗಳಿಗೆ ನಾವು ನೋಡಿದ ದರವು 13,000 ರೂಪಾಯಿಗೆ ಮೇಲ್ಪಟ್ಟಿತ್ತು. ಉಳಿದ ಹಣದಲ್ಲಿ ವಸತಿ ಊಟಗಳಿಗೇ ಸಾಲದು; ದಾನದಕ್ಷಿಣೆಗಳ ಮಾತಂತೂ ದೂರ. ಆದುದರಿಂದ ಅಗ್ಗದ ಟಿಕೆಟ್ಟು ನಮಗೆ ಉಳಿತಾಯದ ವಿನೋದವಾಗಿರಲಿಲ್ಲ. ಅದು ದೊರೆತರೆ ಅಕ್ಕನವರ ಯಾತ್ರೆ ಉಂಟು, ಇಲ್ಲವಾದರೆ ಇಲ್ಲ ಎಂಬಂತಿತ್ತು.

ವಿಮಾನವು ಮಧ್ಯಮ ವರ್ಗದ ಮನೆಯ ಬಾಗಿಲಿಗೆ ಬಂದುದು ತೀರ ಹಳೆಯ ಸಂಗತಿಯೇನೂ ಅಲ್ಲ. 1932ನೆಯ ಇಸವಿ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಅಂಚೆಯ ಚೀಲಗಳನ್ನು ಹೊತ್ತ ಚಿಕ್ಕ ವಿಮಾನವನ್ನು ತಾವೇ ನಡೆಸಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ತಂದರು. 1953ರಲ್ಲಿ ವಿಮಾನ ಸಂಸ್ಥೆಗಳು ರಾಷ್ಟ್ರೀಕರಣಗೊಂಡುವು. 1994ರಲ್ಲಿ ಆ ಕಾನೂನು ರದ್ದಾಗಿ ಖಾಸಗಿಯವರಿಗೆ ಮತ್ತೆ ದಾರಿಯಾಯಿತು. ಆದರೂ ಸಾಮಾನ್ಯ ಗೃಹಸ್ಥನು ವಿಮಾನವನ್ನು ಆಕಾಶದಲ್ಲಿ ನೋಡಿ ತೃಪ್ತನಾಗುತ್ತಿದ್ದನೇ ಹೊರತು ಏರುವ ಯೋಚನೆ ಮಾಡುತ್ತಿರಲಿಲ್ಲ. ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಮೊದಲಿಗರು ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ ಅವರೆಂಬುದು ಕನ್ನಡಿಗರು ಅಭಿಮಾನಪಡಬೇಕಾದ ವಿಷಯ. 2003ರಲ್ಲಿ ಅವರು ಬೆಂಗಳೂರಿನಿಂದ ಆರಂಭಿಸಿದ ಏರ್ ಡೆಕ್ಕನ್ ಸಂಸ್ಥೆಯು ವಿಮಾನದೊಳಗಿನ ಪುಕ್ಕಟೆ ಊಟ ಮುಂತಾದ ಉಪಚಾರಗಳನ್ನು ಬಿಟ್ಟು, ಟಿಕೆಟ್ಟಿನ ದರವನ್ನು ಇಳಿಸಿತು. ಕೆಲವು ಆಸನಗಳನ್ನು ಒಂದು ರೂಪಾಯಿಗೂ ಮಾರಿತು. ಆ ಸಂಸ್ಥೆಯು ಬಹುಕಾಲ ಸ್ವತಂತ್ರವಾಗಿ ಉಳಿಯಲಿಲ್ಲ. ಆದರೆ ಮುಂಚಿತವಾಗಿ ಕೊಂಡವನಿಗೆ ಕಡಿಮೆ ಬೆಲೆ, ಕಡೆಯ ಗಳಿಗೆಯಲ್ಲಿ ಬಂದವನಿಗೆ ಹೆಚ್ಚಿನ ಬೆಲೆ ಎಂಬ ಪದ್ಧತಿಯು ದೇಶದಲ್ಲೆಲ್ಲ ಬೇರೂರಿತು.

ಸಂಸ್ಥೆಯವರು ತಮ್ಮ ಸರಕನ್ನು ಏಕೆ ಅಗ್ಗಕ್ಕೆ ಮಾರುತ್ತಾರೆಂಬುದನ್ನು ತಿಳಿದರೆ ಎಲ್ಲಿ ಅಗ್ಗ ಸಿಕ್ಕೀತೆಂಬುದೂ ತಿಳಿಯುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುವವರು ಕತ್ತಲಾಗುತ್ತ ಬಂದಂತೆ ಮಲ್ಲಿಗೆಯನ್ನು ಬಂದ ಬೆಲೆಗೆ ಕೊಟ್ಟುಬಿಡುತ್ತಾರೆ. ಏಕೆಂದರೆ ಆ ಹೂವು ನಾಳೆಗೆ ಹೂವಲ್ಲ. ವಿಮಾನದ ಆಸನವೂ ಹಾಗೆಯೇ. ವಿಮಾನವು ನೆಲವನ್ನು ಬಿಟ್ಟ ಕೂಡಲೆ ಖಾಲಿ ಆಸನದ ಬೆಲೆ ಸೊನ್ನೆಯಾಗುತ್ತದೆ. ಇಂಧನ, ಬಾಡಿಗೆ, ಸಿಬ್ಬಂದಿಯ ವೇತನಗಳ ಖರ್ಚು ಮಾತ್ರ ಬಹುಪಾಲು ಹಾಗೆಯೇ ನಿಲ್ಲುತ್ತದೆ. ಆದರೆ ಹೂವಿನವರಿಗೂ ವಿಮಾನದವರಿಗೂ ಒಂದು ಭೇದವುಂಟು. ಕಡೆಯ ಗಳಿಗೆಯಲ್ಲಿ ವಿಮಾನ ಹುಡುಕುವವನು ಸಾಮಾನ್ಯವಾಗಿ ಅನಿವಾರ್ಯವಿರುವವನು: ಸಾವಿನ ಸುದ್ದಿ ಬಂದವನು, ಕಚೇರಿಯ ಕೆಲಸವಿರುವವನು. ಅವನು ಎಷ್ಟಾದರೂ ಕೊಡುತ್ತಾನೆ. ಆದುದರಿಂದ ಇವರು ಕಡೆಯ ಗಳಿಗೆಯವರೆಗೆ ಕಾದು ಇಳಿಸುವುದಿಲ್ಲ. ಜನ ಕಡಿಮೆಯಾಗುವ ತಿಂಗಳುಗಳನ್ನು ಮೊದಲೇ ಊಹಿಸಿ, ಆ ದಿನಗಳ ಕೆಲವು ಆಸನಗಳನ್ನು ವಾರಗಳ ಅಥವಾ ತಿಂಗಳುಗಳ ಮುಂಚೆ ಅಗ್ಗಕ್ಕೆ ಮಾರಿ ಕೈಗೆ ಹಣ ಮಾಡಿಕೊಳ್ಳುತ್ತಾರೆ. ರಿಯಾಯಿತಿ ಮಾರಾಟದ ಮರ್ಮವು ಇಷ್ಟೆ.

ಒಂದು ವಿಮಾನದ ಆಸನಗಳೆಲ್ಲವೂ ಒಂದೇ ದರದವಲ್ಲವೆಂಬುದನ್ನು ಇದರೊಡನೆ ತಿಳಿಯಬೇಕು. ಒಂದೇ ಬಗೆಯ ಆಸನಗಳನ್ನು ಲೆಕ್ಕದಲ್ಲಿ ಹಲವು ಗುಂಪುಗಳಾಗಿ ವಿಂಗಡಿಸಿ, ಪ್ರತಿಯೊಂದು ಗುಂಪಿಗೂ ಒಂದೊಂದು ದರವನ್ನು ಕಟ್ಟಿರುತ್ತಾರೆ. ಕೆಳಗಿನ ದರದ ಗುಂಪು ಮಾರಾಟವಾಗಿ ತೀರಿದರೆ ಮೇಲಿನದು ತೆರೆಯುತ್ತದೆ. ನಾವು ನಿನ್ನೆ ನೋಡಿದ ದರವು ಇಂದು ಏರಿರುವುದಕ್ಕೆ ಸಾಮಾನ್ಯವಾದ ಕಾರಣವು ಇದೇ. ಯಂತ್ರವು ನಮ್ಮ ಆಸೆಯನ್ನು ಕಂಡುಹಿಡಿದು ದರವನ್ನು ಏರಿಸಿತೆಂದು ಕೆಲವರು ಗೊಣಗುವುದನ್ನು ಕೇಳಿದ್ದೇವೆ, ಅಷ್ಟು ದೂರ ಹೋಗಬೇಕಾದುದಿಲ್ಲ. ಮೇಲಾಗಿ, ಮೂವರಿಗೆ ಒಟ್ಟಿಗೆ ಹುಡುಕಿದಾಗ ಕೆಳದರದ ಗುಂಪಿನಲ್ಲಿ ಎರಡೇ ಆಸನಗಳಿದ್ದರೆ, ಲೆಕ್ಕವು ಮೂವರನ್ನೂ ಮೇಲಿನ ದರಕ್ಕೆ ಒಯ್ಯುವುದುಂಟು. ನಮಗೂ ಹಾಗೆಯೇ ಆಯಿತು. ಅಕ್ಕ, ನಮ್ಮ ಮನೆಯವರು, ನಾವು ಎಂದು ಮೂವರಿಗೆ ಕೇಳಿದಾಗ ತಲೆಗೆ 4,720 ರೂಪಾಯಿ ತೋರಿಸಿತು; ಇಬ್ಬರಿಗೆ ಮಾತ್ರ ಕೇಳಿದಾಗ 3,960 ರೂಪಾಯಿ. ಹೆಂಗಸರಿಬ್ಬರಿಗೆ ಮೊದಲು ಕೊಂಡು, ಮೂರನೆಯ ಟಿಕೆಟ್ಟನ್ನು ಬೇರೆಯಾಗಿ ಕೊಂಡುದರಿಂದ 1,520 ರೂಪಾಯಿ ಉಳಿಯಿತು. ಮನೆಮಂದಿಯೊಡನೆ ಹೋಗುವವರು ಒಬ್ಬರಿಗೆ, ಇಬ್ಬರಿಗೆ, ಎಲ್ಲರಿಗೆ ಎಂದು ಮೂರು ಸಲ ಹುಡುಕಿ ನೋಡತಕ್ಕದ್ದು.

ಇನ್ನು ಪ್ರಕಟನೆಯ ಭಾಷೆಯ ವಿಚಾರ. “ರೂ. 1,499ರಿಂದ” ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಮ್ಮ ಆಯುಷ್ಯವು ವ್ಯಾಕರಣವನ್ನು ಪಾಠ ಹೇಳುವುದರಲ್ಲಿ ಕಳೆದಿರುವುದರಿಂದ ನಮ್ಮ ಕಣ್ಣು ಅಂಕಿಗಿಂತ ಮೊದಲು ಆ ವಿಭಕ್ತಿಯ ಮೇಲೆ ಬಿದ್ದಿತು. ಮರದಿಂದ ಎಲೆ ಬೀಳುತ್ತದೆ ಎಂಬಲ್ಲಿ ಎಲೆಯು ಯಾವುದನ್ನು ಬಿಟ್ಟು ಅಗಲುವುದೋ ಅದು ಅಪಾದಾನ. ಮರವು ನಿಂತಲ್ಲಿಯೇ ನಿಂತಿರುತ್ತದೆ, ಎಲೆ ದೂರ ಹೋಗುತ್ತದೆ. ಹಾಗೆಯೇ 1,499 ಎಂಬುದು ಎಲ್ಲಿಯೋ ಹತ್ತಿರದ ಒಂದೆರಡು ಊರುಗಳ ನಡುವಣ ದರವಾಗಿ ನಿಂತಿರುತ್ತದೆ. ನಮ್ಮ ಊರಿನ ದರವು ಅದನ್ನು ಬಿಟ್ಟು ದೂರ ಸಾಗಿರುತ್ತದೆ. ಇದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಮಾರಾಟದ ದರವು ನಿಜವಾಗಿ ಅಗ್ಗವೋ ಅಲ್ಲವೋ ಎಂದು ತಿಳಿಯಬೇಕಾದರೆ ಅದೇ ಮಾರ್ಗದ ಸಾಧಾರಣ ದರವು ಮೊದಲೇ ಗೊತ್ತಿರಬೇಕು. ನಾವು ಮಾರ್ಗಶಿರ ಮಾಸದಿಂದಲೇ ವಾರಕ್ಕೆರಡು ಸಲ ಬೆಂಗಳೂರು-ಕಾಶಿಯ ದರವನ್ನು ನೋಡಿ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಿದ್ದೆವು. ಆದುದರಿಂದ ಜನವರಿಯಲ್ಲಿ ಮಾರಾಟವು ಬಂದಾಗ ಹೋಲಿಸುವುದಕ್ಕೆ ಆಧಾರವಿತ್ತು.

ಯಾವ ಕರ್ಮಕ್ಕೂ ಮೊದಲು ಸಂಕಲ್ಪವನ್ನು ಮಾಡುತ್ತೇವೆ. ಅದರಲ್ಲಿ ದೇಶವನ್ನು ಹೇಳುತ್ತೇವೆ, ಕಾಲವನ್ನು ಹೇಳುತ್ತೇವೆ, ಕರ್ತೃವಿನ ಗೋತ್ರನಾಮಗಳನ್ನೂ ಉದ್ದೇಶವನ್ನೂ ಹೇಳಿ ಅನಂತರ ನೀರು ಬಿಡುತ್ತೇವೆ. ಅಗ್ಗದ ಟಿಕೆಟ್ಟಿಗೂ ಇದೇ ಕ್ರಮವು ಸರಿಯಾದುದೆಂದು ನಮ್ಮ ಅಭಿಪ್ರಾಯ. ಮಾರಾಟವು ಆರಂಭವಾದ ಮೇಲೆ ಎಲ್ಲಿಗೆ ಹೋಗೋಣ, ಯಾವಾಗ ಹೋಗೋಣ ಎಂದು ಮನೆಯಲ್ಲಿ ಚರ್ಚೆ ಮಾಡುವವರು ಗಡುವಿನ ಗಾಬರಿಯಲ್ಲಿ ತಮಗೆ ಬೇಡದ ಊರಿಗೆ ಬೇಡದ ದಿನ ಟಿಕೆಟ್ಟು ಕೊಳ್ಳುತ್ತಾರೆ; ಅಥವಾ ಏನನ್ನೂ ಕೊಳ್ಳದೆ ಉಳಿಯುತ್ತಾರೆ.

ನಮಗೆ ದೇಶವು ನಿಶ್ಚಿತವಾಗಿತ್ತು, ಕಾಲವನ್ನು ಗೊತ್ತುಮಾಡಬೇಕಾಗಿತ್ತು. ಮಹಾಶಿವರಾತ್ರಿಗೆ ವಿಶ್ವನಾಥನ ದರ್ಶನ ಮಾಡಬೇಕೆಂದು ಯಾರಿಗೆ ಆಸೆಯಿಲ್ಲ? ಆದರೆ ಆ ದಿನಗಳಲ್ಲಿ ದರವೂ ಹೆಚ್ಚು, ನೂಕುನುಗ್ಗಲೂ ಹೆಚ್ಚು. ಮೇಲಾಗಿ ಇಂಥ ಮಾರಾಟಗಳಲ್ಲಿ ಹಬ್ಬದ ದಿನಗಳನ್ನು ಬಹುಶಃ ಹೊರಗಿಟ್ಟಿರುತ್ತಾರೆ. ಎಲ್ಲಕ್ಕಿಂತ ಕಡಿಮೆಯ ದರವು ಕಂಡುದು ಆಷಾಢ ಶ್ರಾವಣಗಳಲ್ಲಿ. ಇಲ್ಲಿ ಯೋಚನೆ ಬೇಕು. ಮಳೆಗಾಲದಲ್ಲಿ ಗಂಗೆಯು ಉಕ್ಕಿ ಕಾಶಿಯ ಘಾಟುಗಳನ್ನು ಒಂದೊಂದಾಗಿ ನುಂಗುತ್ತಾಳೆ. ಒಂದು ಘಾಟಿನಿಂದ ಇನ್ನೊಂದಕ್ಕೆ ನದಿಯ ಅಂಚಿನಲ್ಲಿ ನಡೆಯುವ ದಾರಿ ಮುಚ್ಚುತ್ತದೆ, ದೋಣಿಗಳನ್ನು ನಿಲ್ಲಿಸುತ್ತಾರೆ, ದಶಾಶ್ವಮೇಧದ ಸಂಜೆಯ ಆರತಿಯನ್ನು ಮಾಳಿಗೆಯ ಮೇಲೆ ನಡೆಸುತ್ತಾರೆ. 2025ರ ಆಗಸ್ಟಿನಲ್ಲಿ ನೀರು ಅಪಾಯದ ಮಟ್ಟವನ್ನು ಮೀರಿ ಮಣಿಕರ್ಣಿಕೆಯ ದಹನಕ್ರಿಯೆಗಳು ಕೂಡ ಮೇಲ್ಮಾಳಿಗೆಗೆ ಹೋದುವು. ಗಂಗಾಸ್ನಾನಕ್ಕಾಗಿಯೇ ಹೋಗುವ ವೃದ್ಧರಿಗೆ ಆ ಅಗ್ಗದಿಂದ ಏನು ಫಲ? ದರವು ಇಳಿದಿರುವುದಕ್ಕೆ ಯಾವಾಗಲೂ ಒಂದು ಕಾರಣವಿರುತ್ತದೆ. ಆ ಕಾರಣವು ನಮ್ಮ ಉದ್ದೇಶಕ್ಕೆ ಬಾಧಕವಲ್ಲದಿದ್ದರೆ ಮಾತ್ರ ಅದು ನಮಗೆ ಲಾಭ.

ಆ ವರ್ಷ ಶಿವರಾತ್ರಿಯು ಮಾರ್ಚಿ 8ರಂದು, ಹೋಳಿಯು 25ರಂದು ಬಿದ್ದಿದ್ದುವು. ನಡುವಣ ಎರಡು ವಾರಗಳಲ್ಲಿ ಯಾತ್ರಿಕರ ದಟ್ಟಣೆ ಸ್ವಲ್ಪ ಇಳಿದಿರುತ್ತದೆ, ಉತ್ತರದ ಬಿಸಿಲು ಇನ್ನೂ ಏರಿರುವುದಿಲ್ಲ, ನದಿಯೂ ಶಾಂತ. ಶುಕ್ರವಾರ ಭಾನುವಾರಗಳಿಗಿಂತ ವಾರದ ನಡುವೆ ದರವು ಇಳಿದಿರುವುದನ್ನು ನಮ್ಮ ಪಂಚಾಂಗದ ಅಂಚಿನ ಲೆಕ್ಕವು ತೋರಿಸಿತ್ತು. ಆದುದರಿಂದ 13ನೆಯ ಬುಧವಾರ ಹೊರಟು 19ನೆಯ ಮಂಗಳವಾರ ಮರಳುವುದೆಂದು ನಿಶ್ಚಯಿಸಿ, ಅವೆರಡೂ ದೊರೆಯದಿದ್ದರೆ ಹಿಂದೆ ಮುಂದೆ ಒಂದೊಂದು ದಿನವೆಂದು ಗೊತ್ತುಮಾಡಿಕೊಂಡೆವು.

ಸಂಕ್ರಾಂತಿಯ ಹಿಂದಿನ ಗುರುವಾರ ಮಾರಾಟವು ಆರಂಭವಾಗಿ ಭಾನುವಾರದ ಮಧ್ಯರಾತ್ರಿಗೆ ಮುಗಿಯುವುದಿತ್ತು. ಕಡೆಯ ದಿನದವರೆಗೆ ಕಾಯುವುದು ತರವಲ್ಲ; ಗಡುವು ಭಾನುವಾರದವರೆಗೆ ಇದ್ದರೂ ಕೆಳದರದ ಆಸನಗಳು ಅಲ್ಲಿಯವರೆಗೆ ಇರಬೇಕೆಂದಿಲ್ಲ. ನಮ್ಮ ಮಗಳು ಬೆಂಗಳೂರಿನಿಂದ ದೂರವಾಣಿಯಲ್ಲಿ ಮಾತನಾಡುತ್ತ, ನಾವು ಇಲ್ಲಿ ಮೈಸೂರಿನಲ್ಲಿ ಪಟ್ಟಿಯನ್ನು ಮುಂದಿಟ್ಟುಕೊಂಡು ಗುರುವಾರ ಬೆಳಿಗ್ಗೆಯೇ ಕುಳಿತೆವು. ಮೂವರ ಗುರುತಿನ ಚೀಟಿಗಳೂ ಎದುರಿಗಿದ್ದುವು. “ಅತ್ತೆ, ಆಧಾರಿನಲ್ಲಿ ನಿಮ್ಮ ಹೆಸರು ಹೇಗಿದೆಯೋ ಅಕ್ಷರ ಬಿಡದೆ ಹಾಗೆಯೇ ಹೇಳಿ” ಎಂದು ಮಗಳು ಕೇಳಿದಳು. ಮನೆಯಲ್ಲಿ ಕರೆಯುವ ಹೆಸರು ಒಂದು, ಚೀಟಿಯಲ್ಲಿ ಇರುವುದು ಇನ್ನೊಂದು ಎಂಬುದು ಹಳೆಯ ತಲೆಮಾರಿನ ಹೆಂಗಸರಲ್ಲಿ ಸಾಮಾನ್ಯ. ಟಿಕೆಟ್ಟಿನ ಹೆಸರಿಗೂ ಚೀಟಿಯ ಹೆಸರಿಗೂ ಹೊಂದಿಕೆಯಿಲ್ಲದಿದ್ದರೆ ನಿಲ್ದಾಣದ ಬಾಗಿಲಿನಲ್ಲಿಯೇ ತೊಡಕು. ಹೋಗುವುದಕ್ಕೆ ಅಕ್ಕನವರಿಗೆ 3,960, ಬರುವುದಕ್ಕೆ 4,180. ಎಲ್ಲ ತೆರಿಗೆ ಶುಲ್ಕಗಳೂ ಸೇರಿ 8,140 ರೂಪಾಯಿಯಾಯಿತು. ಡಬ್ಬಿಯಲ್ಲಿ 6,860 ರೂಪಾಯಿ ಉಳಿಯಿತು. ಅಕ್ಕನವರು ಅದನ್ನು ಎರಡು ಸಲ ಎಣಿಸಿ, ಒಂದು ಭಾಗವನ್ನು ದಾನಕ್ಕೆಂದೂ ಇನ್ನೊಂದನ್ನು ಸಮಾರಾಧನೆಗೆಂದೂ ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿದರು.

ಇಲ್ಲಿ ಕೆಲವು ಎಚ್ಚರಿಕೆಗಳನ್ನು ಹೇಳಬೇಕು. ಮಾರಾಟದ ದಿನಗಳಲ್ಲಿ ದೂರವಾಣಿಗೆ ಬರುವ ಸಂದೇಶಗಳಲ್ಲಿ ವಿಮಾನ ಸಂಸ್ಥೆಯ ಹೆಸರನ್ನೇ ಹೋಲುವ ಹೆಸರಿಟ್ಟು, ಹಣವನ್ನು ಲಪಟಾಯಿಸುವ ವಂಚಕರು ಇರುತ್ತಾರೆ. ಆದುದರಿಂದ ಸಂದೇಶದ ಕೊಂಡಿಯನ್ನು ಒತ್ತದೆ ಸಂಸ್ಥೆಯ ಸ್ವಂತ ತಾಣಕ್ಕೆ ನಾವಾಗಿಯೇ ಹೋಗಬೇಕು. ಮೋಸವಾದಲ್ಲಿ ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕು. ಎರಡನೆಯದು, ಮೊದಲು ತೋರಿದ ದರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಸೇರುವ ಶುಲ್ಕಗಳು. ಮೂಲದರದ ಮೇಲೆ ನಿಲ್ದಾಣದ ಬಳಕೆಯ ಶುಲ್ಕ, ಭದ್ರತೆಯ ಶುಲ್ಕ, ಜಿಎಸ್‌ಟಿ, ಟಿಕೆಟ್ಟು ಮಾಡಿಕೊಟ್ಟುದಕ್ಕೆ ಅನುಕೂಲದ ಶುಲ್ಕ ಇವು ಬರುತ್ತವೆ. ಇಂಥದೇ ಆಸನ ಬೇಕೆಂದರೆ ಒಂದು ಬೆಲೆ, ಊಟಕ್ಕೆ ಒಂದು, ವಿಮೆಗೆ ಒಂದು. ಇವುಗಳಲ್ಲಿ ಬೇಡವಾದುದನ್ನು ಬೇಡವೆಂದು ಗುರುತುಮಾಡಬೇಕು. ಅತಿ ಕಡಿಮೆಯ ಕೆಲವು ದರಗಳಲ್ಲಿ ಕೈಚೀಲವೊಂದಕ್ಕೆ ಮಾತ್ರ ಅವಕಾಶವಿರುವುದರಿಂದ ಸಾಮಾನಿನ ತೂಕದ ನಿಯಮವನ್ನು ಓದಿಯೇ ಹಣ ಕೊಡಬೇಕು. ಕಡೆಯ ಪುಟದಲ್ಲಿ ಕಾಣುವ ಮೊತ್ತವೇ ನಿಜವಾದ ದರ. ಹೋಲಿಕೆಯನ್ನು ಅದರಲ್ಲಿಯೇ ಮಾಡತಕ್ಕದ್ದು. ಹಿರಿಯ ನಾಗರಿಕರಿಗೆಂದು ಕೆಲವು ಸಂಸ್ಥೆಗಳು ಕೊಡುವ ಸೋಡಿಯನ್ನೂ ಮಾರಾಟದ ದರವನ್ನೂ ಬೇರೆ ಬೇರೆ ನೋಡಿ, ಯಾವುದು ಕಡಿಮೆಯೋ ಅದನ್ನು ಕೊಳ್ಳಬಹುದು.

ಮೂರನೆಯದು, ಹೋಗುವುದು ತಪ್ಪಿದರೆ ಏನು ಗತಿಯೆಂಬುದು. ಮಾರಾಟದ ಟಿಕೆಟ್ಟಿನ ಮೂಲದರವು ಹೆಚ್ಚಾಗಿ ಹಿಂದಿರುಗುವುದಿಲ್ಲ. ಆದರೆ ಸರ್ಕಾರದ ವಿಮಾನಯಾನ ನಿರ್ದೇಶನಾಲಯದ ನಿಯಮದಂತೆ, ರದ್ದು ಮಾಡಿದ ಟಿಕೆಟ್ಟಿನ ತೆರಿಗೆಗಳನ್ನೂ ನಿಲ್ದಾಣದ ಶುಲ್ಕಗಳನ್ನೂ ರಿಯಾಯಿತಿಯ ಟಿಕೆಟ್ಟೇ ಆದರೂ ಸಂಸ್ಥೆಯು ಹಿಂದಕ್ಕೆ ಕೊಡಲೇಬೇಕು. ಇದನ್ನು ತಿಳಿಯದೆ ಕೇಳದೇ ಬಿಡುವವರು ಅನೇಕರು. ಸಂಸ್ಥೆಯೇ ವಿಮಾನವನ್ನು ರದ್ದು ಮಾಡಿದರೆ ಬದಲಿ ವಿಮಾನವನ್ನಾಗಲಿ ಹಣವನ್ನಾಗಲಿ ಕೇಳುವ ಹಕ್ಕು ಅಗ್ಗದ ಟಿಕೆಟ್ಟಿನವನಿಗೂ ಸಮಾನವಾಗಿಯೇ ಇದೆ. ನಮ್ಮ ಪ್ರಯಾಣಕ್ಕೆ ಹತ್ತು ದಿನಗಳಿರುವಾಗ ಒಂದು ಸಂದೇಶ ಬಂದಿತು: ಬೆಳಿಗ್ಗೆ ಹೊರಡಬೇಕಾದ ವಿಮಾನವು ರಾತ್ರಿ ಹೊರಟು ಹನ್ನೊಂದು ಗಂಟೆಯ ಸುಮಾರಿಗೆ ಕಾಶಿಯನ್ನು ಸೇರುವುದೆಂದು. ಅಪರಿಚಿತ ಊರಿನಲ್ಲಿ ಆ ಹೊತ್ತಿನಲ್ಲಿ ವೃದ್ಧರನ್ನು ಕರೆದುಕೊಂಡು ಕಿರುಗಲ್ಲಿಗಳಲ್ಲಿ ವಸತಿಯನ್ನು ಹುಡುಕುವುದೆಂತು? ಅಕ್ಕನವರು ಮಾತನಾಡದೆ ಬಟ್ಟೆಯ ಗಂಟುಗಳನ್ನು ಪೆಟ್ಟಿಗೆಯಿಂದ ತೆಗೆದಿಟ್ಟರು. ಸಂಸ್ಥೆಯ ದೂರವಾಣಿಯಲ್ಲಿ ಮುಕ್ಕಾಲು ಗಂಟೆ ಕಾದು, ವೇಳೆಯನ್ನು ಬದಲಿಸಿದವರು ತಾವೇ ಆದುದರಿಂದ ಹಗಲಿನ ವಿಮಾನವನ್ನು ಕೊಡಬೇಕೆಂದು ಕೇಳಿದೆವು. ಹೆಚ್ಚಿನ ಹಣವಿಲ್ಲದೆ ಅದೇ ದಿನದ ಮಧ್ಯಾಹ್ನದ ವಿಮಾನಕ್ಕೆ ಮೂವರನ್ನೂ ಸೇರಿಸಿಕೊಟ್ಟರು. ಕೇಳುವುದಕ್ಕೆ ಸಂಕೋಚಪಟ್ಟಿದ್ದರೆ ಅದು ದೊರೆಯುತ್ತಿರಲಿಲ್ಲ.

ಮೈಸೂರಿನಿಂದ ಸರ್ಕಾರಿ ಸಾರಿಗೆಯ ಫ್ಲೈಬಸ್ಸು ನೇರವಾಗಿ ದೇವನಹಳ್ಳಿಯ ನಿಲ್ದಾಣಕ್ಕೆ ಹೋಗುತ್ತದೆ. ಕೆಂಪೇಗೌಡರ ಹೆಸರಿನ ಆ ನಿಲ್ದಾಣವು 2008ರ ಮೇ ತಿಂಗಳಲ್ಲಿ ಆರಂಭವಾದುದು. ಗಾಲಿಕುರ್ಚಿ ಬೇಕೆಂದು ಟಿಕೆಟ್ಟು ಕೊಳ್ಳುವಾಗಲೇ ತಿಳಿಸಿದ್ದುದರಿಂದ ಒಬ್ಬ ಹುಡುಗನು ಬಾಗಿಲಿನಿಂದ ವಿಮಾನದವರೆಗೆ ಅಕ್ಕನವರನ್ನು ಕುಳ್ಳಿರಿಸಿಕೊಂಡು ಹೋದನು. ಯಾತ್ರಿಕರು ನೆನಪಿಡಬೇಕಾದ ಒಂದು ಸಂಗತಿಯೆಂದರೆ, ಪೂಜೆಗೆಂದು ಒಣ ಕೊಬ್ಬರಿಯನ್ನು ಕಟ್ಟಿಕೊಳ್ಳಬಾರದು. ಎಣ್ಣೆಯ ಅಂಶದಿಂದ ಬೆಂಕಿ ಹೊತ್ತೀತೆಂದು ಅದನ್ನು ವಿಮಾನದಲ್ಲಿ ಬಿಡುವುದಿಲ್ಲ. ಮೋಡಗಳ ಮೇಲೆ ವಿಮಾನವು ಸಮನಾಗಿ ನಿಂತಾಗ ಅಕ್ಕನವರು ಕಿಟಕಿಯಿಂದ ಕೆಳಗೆ ನೋಡಿ, ದಕ್ಷಿಣದ ನದಿಗಳನ್ನು ಒಂದೊಂದಾಗಿ ದಾಟುತ್ತಿದ್ದೇವಷ್ಟೆ ಎಂದು ಕೇಳಿ, ಕಾಣದಿದ್ದ ಕೃಷ್ಣೆಗೂ ಗೋದಾವರಿಗೂ ಕೈಮುಗಿದರು.

ಬಾಬತ್‌ಪುರದ ಲಾಲ್ ಬಹಾದೂರ್ ಶಾಸ್ತ್ರಿ ವಿಮಾನ ನಿಲ್ದಾಣದಿಂದ ಊರಿಗೆ ಸುಮಾರು 25 ಕಿಲೋಮೀಟರು. ಹನುಮಾನ್ ಘಾಟು, ಕೇದಾರ ಘಾಟುಗಳ ಸುತ್ತಲಿನ ಕೇರಿಗಳಲ್ಲಿ ದಕ್ಷಿಣದವರು ತಲೆಮಾರುಗಳಿಂದ ನೆಲೆಸಿದ್ದಾರೆ. ಹನುಮಾನ್ ಘಾಟಿನ ಬಳಿಯಲ್ಲಿಯೇ ಹಿಂದಿನ ಮೈಸೂರು ಸಂಸ್ಥಾನದವರು ಕಟ್ಟಿಸಿದ, ಈಗ ಕರ್ನಾಟಕದ ಹೆಸರನ್ನು ಹೊತ್ತಿರುವ ಘಾಟಿದೆ. ಅಲ್ಲಿಂದ ಅನತಿ ದೂರದಲ್ಲಿ ಹರಿಶ್ಚಂದ್ರ ಘಾಟು. ರಾಘವಾಂಕನ ಕಾವ್ಯವನ್ನು ಓದಿದ ಕನ್ನಡಿಗನು ಆ ಚಿತೆಗಳ ಮುಂದೆ ಸುಮ್ಮನೆ ನಿಲ್ಲದೆ ಇರಲಾರ. ಊರೊಳಗೆ ವೀರಶೈವರ ಪ್ರಾಚೀನವಾದ ಜಂಗಮವಾಡಿ ಮಠವಿದ್ದು, ಅಲ್ಲಿ ಕನ್ನಡದ ಮಾತು ಕಿವಿಗೆ ಬೀಳುತ್ತದೆ.

ವಿಶ್ವನಾಥನ ಈಗಿನ ದೇವಾಲಯವನ್ನು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದವರು ಅಹಲ್ಯಾಬಾಯಿ ಹೋಳ್ಕರರು. ಹಿಂದೆ ಗಲ್ಲಿಗಳಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಹೋಗಬೇಕಾಗಿತ್ತು. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ವಿಶಾಲವಾದ ಆವರಣವು ದೇವಾಲಯವನ್ನು ಗಂಗೆಯ ತೀರಕ್ಕೆ ಸೇರಿಸಿದೆ. ಹಳೆಯ ಮನೆಗಳು ಹೋದುವೆಂದು ಮರುಗುವವರೂ ಇದ್ದಾರೆ. ನಡೆಯಲಾರದ ವೃದ್ಧರಿಗೆ ಅನುಕೂಲವಾದುದನ್ನು ನಾವು ಕಣ್ಣಾರೆ ಕಂಡೆವು.

ಗಂಗೆಯು ಇಲ್ಲಿ ಉತ್ತರಾಭಿಮುಖಳಾಗಿ ಹರಿಯುತ್ತಾಳೆ. ಮಾರ್ಚಿಯಲ್ಲಿ ನೀರು ಇಳಿದಿರುವುದರಿಂದ ಘಾಟುಗಳೆಲ್ಲ ತೆರೆದಿರುತ್ತವೆ. ಆದರೆ ಇಳಿಯಬೇಕಾದ ಮೆಟ್ಟಿಲುಗಳ ಸಂಖ್ಯೆಯೂ ಅಷ್ಟೇ ಹೆಚ್ಚು. ಕೇದಾರ ಘಾಟಿನ ಕಡಿದಾದ ಸೋಪಾನಗಳನ್ನು ಮೇಲಿನಿಂದ ನೋಡಿದಾಗ ನಮ್ಮ ಎದೆ ಕುಸಿಯಿತು. ಅಕ್ಕನವರಾದರೋ ಒಂದೊಂದು ಮೆಟ್ಟಿಲಿಗೆ ಕುಳಿತು ಕುಳಿತು, ಒಂದು ಕಡೆ ನಮ್ಮ ಮನೆಯವರ ಭುಜವನ್ನು, ಇನ್ನೊಂದು ಕಡೆ ಕೋಲನ್ನು ಹಿಡಿದು, ಮುಕ್ಕಾಲು ಗಂಟೆಯಲ್ಲಿ ನೀರನ್ನು ಮುಟ್ಟಿದರು. ಮೂರು ಮುಳುಗು ಹಾಕಿ ಮೇಲಕ್ಕೆ ಬಂದು, ಒದ್ದೆಯ ಸೆರಗಿನಿಂದ ಗಂಟನ್ನು ಬಿಚ್ಚಿ ದಕ್ಷಿಣೆಯನ್ನು ತಮ್ಮ ಕೈಯಿಂದಲೇ ಕೊಟ್ಟರು. ಭಾವನವರ ಹೆಸರನ್ನು ಹೇಳುವಾಗ ಅವರ ಧ್ವನಿಯು ನಡುಗಲಿಲ್ಲ. ಕೊಟ್ಟ ಹಣವು ಹೆಚ್ಚಿನದೇನೂ ಅಲ್ಲ. ಅದರಲ್ಲಿ ಪರರದು ಒಂದು ಕಾಸೂ ಇರಲಿಲ್ಲವೆಂಬುದೇ ಅವರ ತೃಪ್ತಿ. ಇಳಿಯುವುದಕ್ಕೆ ಮುಕ್ಕಾಲು ಗಂಟೆ ಹಿಡಿಸಿದ್ದ ಆ ಮೆಟ್ಟಿಲುಗಳನ್ನು ಹತ್ತಿಸುವುದು ಹೇಗೆಂದು ನಾವು ಯೋಚಿಸುತ್ತಿರುವಾಗ ಒಬ್ಬ ಅಂಬಿಗನು ದೋಣಿಯನ್ನು ತಂದು, ಏರು ಅಷ್ಟು ಕಡಿದಲ್ಲದ ಅಸ್ಸಿ ಘಾಟಿಗೆ ನಮ್ಮನ್ನು ಸೇರಿಸಿದನು.

ಈ ಬಗೆಯ ಮಾರಾಟಗಳು ಎಲ್ಲರಿಗೂ ಎಲ್ಲ ಕಾಲಕ್ಕೂ ಒದಗುತ್ತವೆಂದು ನಾವು ಹೇಳುವುದಿಲ್ಲ. 2025ರ ಜನವರಿ 13ರಿಂದ ಫೆಬ್ರವರಿ 26ರವರೆಗೆ ಪ್ರಯಾಗದಲ್ಲಿ ಮಹಾಕುಂಭವು ನಡೆದಾಗ ಅಲ್ಲಿಗೂ ಕಾಶಿಗೂ ಹೋಗುವ ವಿಮಾನಗಳ ದರವು ಗಗನಕ್ಕೇರಿ, ಹೆಚ್ಚು ವಿಮಾನಗಳನ್ನು ಹಾಕಿ ದರವನ್ನು ಹಿಡಿತದಲ್ಲಿಡಬೇಕೆಂದು ಸರ್ಕಾರದವರೇ ಸಂಸ್ಥೆಗಳಿಗೆ ಹೇಳಬೇಕಾಯಿತು. ಸಾವು ನೋವುಗಳ ಕರೆಗೆ ಗಡುವಿನ ಮಾರಾಟವು ಕಾದಿರುವುದಿಲ್ಲ. ಮಕ್ಕಳ ಪರೀಕ್ಷೆ, ಕಚೇರಿಯ ರಜೆಗಳಿಗೆ ಕಟ್ಟುಬಿದ್ದವರು ದಸರೆ ದೀಪಾವಳಿಗಳಲ್ಲಿಯೇ ಹೊರಡಬೇಕಾಗುವುದರಿಂದ ಅವರಿಗೆ ಇದರ ಲಾಭವು ಅಲ್ಪ. ಅಗ್ಗದ ದರವು ಕಾಲವನ್ನು ತಾನೇ ಆರಿಸಿಕೊಳ್ಳಬಲ್ಲವನಿಗೆ ಸಲ್ಲುವ ಸೌಲಭ್ಯ. ನಮ್ಮಂಥ ನಿವೃತ್ತರಿಗೆ ದ್ರವ್ಯವು ಕಡಿಮೆಯಾದರೂ ಕಾಲವು ಕೈಯಲ್ಲಿದೆ. ಆ ಕಾಲವನ್ನೇ ದ್ರವ್ಯವಾಗಿ ಮಾಡಿಕೊಳ್ಳುವ ಉಪಾಯವೆಂದು ಇದನ್ನು ತಿಳಿಯಬಹುದು. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚಿಯಲ್ಲಿ ನಿಲ್ಲಿಸಿದ ಮೇಲಂತೂ ವೃದ್ಧರಿರುವ ಮನೆಯವರು ಎರಡು ದಾರಿಗಳ ಲೆಕ್ಕವನ್ನೂ ಹಾಕಿನೋಡುವುದು ಒಳ್ಳೆಯದು.

ಮರಳಿ ಬಂದ ಮೇಲೆ ಯುಗಾದಿಗೆ ಮುಂಚಿನ ಒಂದು ಶುಭದಿನದಲ್ಲಿ ಅಕ್ಕನವರ ಮನೆಯಲ್ಲಿ ಗಂಗಾಸಮಾರಾಧನೆಯು ನಡೆಯಿತು. ಹದಿನೆಂಟು ಎಲೆ ಹಾಕಿದರು. ಗಂಗೆಯ ಗಿಂಡಿಯ ಮುಚ್ಚಳವನ್ನು ಬಿಡಿಸಿ ಬಂದವರಿಗೆಲ್ಲ ತೀರ್ಥವನ್ನು ಕೊಟ್ಟು, ಕಾಶಿಯ ದಾರವನ್ನು ಮಕ್ಕಳ ಕೈಗೆ ಕಟ್ಟಿದರು. ಡಬ್ಬಿಯಲ್ಲಿ 210 ರೂಪಾಯಿ ಮಿಕ್ಕಿತ್ತು. ಮುಂದಿನ ತಿಂಗಳಿನಿಂದ ಅದಕ್ಕೆ ಮತ್ತೆ ಹಣ ಬೀಳತೊಡಗಿತು; ಈ ಸಲದ ಹೆಸರು ಬದರಿ. ಅಲ್ಲಿಗೆ ವಿಮಾನವು ಡೆಹ್ರಾಡೂನಿನವರೆಗೆ ಮಾತ್ರ ಹೋಗುತ್ತದೆಂದೂ, ಮುಂದೆ ಬೆಟ್ಟದ ದಾರಿಯೆಂದೂ ತಿಳಿಸಿದ್ದೇವೆ. ಪಂಚಾಂಗದ ಅಂಚಿನಲ್ಲಿ ದರಗಳನ್ನು ಬರೆಯಲಾರಂಭಿಸಿದ್ದೇವೆ. ತೀರ್ಥಯಾತ್ರೆಯ ಆಸೆಯನ್ನು ಹಣದ ಭಯದಿಂದ ಮನಸ್ಸಿನಲ್ಲಿಯೇ ಇಟ್ಟುಕೊಂಡಿರುವ ಹಿರಿಯರು ವಾಚಕರ ಮನೆಗಳಲ್ಲಿಯೂ ಇರಬಹುದು. ಅವರನ್ನು ಕೇಳಿ, ಎಲ್ಲಿಗೆ, ಯಾವ ಕಾಲದಲ್ಲಿ ಎಂದು ಇಂದೇ ಬರೆದಿಟ್ಟುಕೊಂಡರೆ, ಮುಂದಿನ ಮಾರಾಟದ ಪ್ರಕಟನೆಯು ಬಂದಾಗ ಕೈಕಾಲು ಆಡಿಸಬೇಕಾಗುವುದಿಲ್ಲ.